ಬಿ.ಎಡ್. ಮುಗಿಯಿತು, ಮುಂದೇನು? – ಹೊಸ ಶಿಕ್ಷಕರಿಗೆ ಮಾಹಿತಿ

ಬಿ.ಎಡ್. ಅಥವಾ ಡಿ.ಎಲ್.ಎಡ್. ಮುಗಿಸಿದ ನಮ್ಮ ಯುವಜನರಲ್ಲಿ ಹೆಚ್ಚಿನವರು ಊರಿನ ಅನುದಾನರಹಿತ ಶಾಲೆಯೊಂದಕ್ಕೆ ಸೇರಿಕೊಳ್ಳುತ್ತಾರೆ. 'ಸದ್ಯಕ್ಕೆ ಇರಲಿ' ಎಂದು ಹಿಡಿದ ಕೆಲಸದಲ್ಲೇ ಎಷ್ಟೋ ಮಂದಿ ಹತ್ತು ವರ್ಷ ಕಳೆಯುತ್ತಾರೆ. ಸೇರುವುದು ತಪ್ಪಲ್ಲ. ಆದರೆ ಶಿಕ್ಷಕರ ಅರ್ಹತಾ ಪರೀಕ್ಷೆಯನ್ನು (ಟಿಇಟಿ) ಮುಂದೂಡುತ್ತಾ ಹೋದರೆ ಸರಕಾರಿ ನೇಮಕಾತಿ ಬಂದಾಗ ಅರ್ಜಿ ಹಾಕಲೂ ಆಗುವುದಿಲ್ಲ. 2022ರಲ್ಲಿ ರಾಜ್ಯ ಸರಕಾರವು 6ರಿಂದ 8ನೇ ತರಗತಿಗೆ 15,000 ಪದವೀಧರ ಶಿಕ್ಷಕರ ನೇಮಕಾತಿಗೆ ಮುಂದಾದಾಗ ಟಿಇಟಿ ಕಡ್ಡಾಯವಾಗಿತ್ತು.

ಟಿಇಟಿಯ ಪತ್ರಿಕೆ 1 ಒಂದರಿಂದ 5ನೇ ತರಗತಿಗೆ, ಪತ್ರಿಕೆ 2 ಆರರಿಂದ 8ನೇ ತರಗತಿಗೆ ಸಂಬಂಧಿಸಿದ್ದು. ಪ್ರತಿ ಪತ್ರಿಕೆಯಲ್ಲಿ 150 ಪ್ರಶ್ನೆಗಳು, 150 ಅಂಕಗಳು. ಅವಧಿ ಎರಡೂವರೆ ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ತೇರ್ಗಡೆಗೆ ಶೇ. 60, ಅಂದರೆ 90 ಅಂಕ ಬೇಕು. 3ಬಿ ಪ್ರವರ್ಗದ ಕ್ರೈಸ್ತರಿಗೂ ಇದೇ ಮಿತಿ. ಆಂಗ್ಲ ಮಾಧ್ಯಮದಲ್ಲಿ ಕಲಿತವರು ಕನ್ನಡದ 30 ಅಂಕಗಳನ್ನು ಹಗುರವಾಗಿ ಎಣಿಸಿ ಕೈಸುಟ್ಟುಕೊಳ್ಳುವುದನ್ನು ನಾವು ಕಂಡಿದ್ದೇವೆ. ಒಮ್ಮೆ ಪಾಸಾದರೆ ಪ್ರಮಾಣಪತ್ರ ಜೀವನಪೂರ್ತಿ ಊರ್ಜಿತ. ಏಳು ವರ್ಷದ ಮಿತಿಯನ್ನು 2021ರಲ್ಲಿ ತೆಗೆದುಹಾಕಲಾಯಿತು.

ಬಿ.ಎಡ್. ಪದವೀಧರರು ಗಮನಿಸಬೇಕಾದ ಇನ್ನೊಂದು ಸಂಗತಿ: 2023ರ ಆಗಸ್ಟ್‌ನಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪಿನಂತೆ 1ರಿಂದ 5ನೇ ತರಗತಿಗೆ ಬಿ.ಎಡ್. ಅರ್ಹತೆಯಾಗುವುದಿಲ್ಲ, ಡಿ.ಎಲ್.ಎಡ್. ಬೇಕು. ಆದುದರಿಂದ ಅವರು ಪತ್ರಿಕೆ 2ಕ್ಕೆ ತಯಾರಿ ಮಾಡುವುದು ಒಳಿತು.

'ನಮ್ಮದು ಅಲ್ಪಸಂಖ್ಯಾತ ಶಾಲೆ, ಟಿಇಟಿ ಬೇಡ' ಎಂಬ ಮಾತು ಆಗಾಗ ಕೇಳಿಬರುತ್ತದೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನು ವಿಸ್ತೃತ ಪೀಠಕ್ಕೆ ಒಪ್ಪಿಸಿತು. ಉಳಿದ ಶಾಲೆಗಳಲ್ಲಿ ಐದು ವರ್ಷಕ್ಕಿಂತ ಹೆಚ್ಚು ಸೇವೆ ಬಾಕಿ ಇರುವವರು ಎರಡು ವರ್ಷದೊಳಗೆ ತೇರ್ಗಡೆಯಾಗಬೇಕೆಂದು ಅದೇ ದಿನ ಆದೇಶಿಸಿತು. ಈ ವಿನಾಯಿತಿಯ ಭರವಸೆಯಲ್ಲಿ ಕೈಕಟ್ಟಿ ಕುಳಿತುಕೊಳ್ಳಬೇಡಿ ಎಂಬುದೇ ನಮ್ಮ ಸಲಹೆ.

ಕೆಲಸಕ್ಕೆ ಸೇರುವಾಗ ನೇಮಕಾತಿ ಆದೇಶವನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಮೂಲ ಅಂಕಪಟ್ಟಿಗಳನ್ನು ಶಾಲೆಯ ಕಚೇರಿಯಲ್ಲಿ ಬಿಟ್ಟುಬರಬೇಡಿ, ಜೆರಾಕ್ಸ್ ಸಾಕು. 20 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗೆ ಭವಿಷ್ಯನಿಧಿ ಕಾನೂನು ಅನ್ವಯಿಸುತ್ತದೆ. ಶಿಕ್ಷಕರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು 2009ರ ತಿದ್ದುಪಡಿಯಲ್ಲೇ ಸ್ಪಷ್ಟವಾಗಿದೆ. ಶಾಲೆ ಬಿಡುವಾಗ ಸೇವಾ ಪ್ರಮಾಣಪತ್ರ ಪಡೆಯಲು ಮರೆಯಬೇಡಿ. ಇದನ್ನು ಓದುವ ಸಂಚಾಲಕರಲ್ಲಿಯೂ ಒಂದು ಮಾತು: ಹೊಸ ಟೀಚರಿಗೆ ಅತ್ಯಂತ ಗಲಾಟೆಯ ತರಗತಿಯನ್ನು ಒಪ್ಪಿಸಿ ಕೈತೊಳೆದುಕೊಳ್ಳುವ ರೂಢಿ ನಮ್ಮ ಶಾಲೆಗಳಲ್ಲೂ ಇದೆ. ಮೊದಲ ವರ್ಷ ಅನುಭವಿ ಶಿಕ್ಷಕರೊಬ್ಬರನ್ನು ಜೊತೆಗೆ ಕೊಟ್ಟರೆ ಎಷ್ಟೋ ಮಂದಿ ವೃತ್ತಿ ಬಿಟ್ಟು ಹೋಗುವುದು ತಪ್ಪೀತು.

ರಾಷ್ಟ್ರೀಯ ಶಿಕ್ಷಣ ನೀತಿ 2020 ಶಿಕ್ಷಕರಿಂದ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ತರಬೇತಿಯನ್ನು ನಿರೀಕ್ಷಿಸುತ್ತದೆ. ಸರಕಾರದ ದೀಕ್ಷಾ ಜಾಲತಾಣದಲ್ಲಿ ಉಚಿತ ಕೋರ್ಸುಗಳಿವೆ. ಪಿಯು ಉಪನ್ಯಾಸಕರಾಗುವ ಆಸೆಯಿದ್ದವರು ಕೆಲಸದ ಜೊತೆಗೇ ಸ್ನಾತಕೋತ್ತರ ಪದವಿ ಮಾಡಿಕೊಳ್ಳಬಹುದು.

ಪ್ರತಿ ಧರ್ಮಕೇಂದ್ರದಲ್ಲೂ ನಿವೃತ್ತ ಶಿಕ್ಷಕರಿದ್ದಾರೆ. ಭಾನುವಾರ ಪೂಜೆಯ ಬಳಿಕ ಒಂದು ಗಂಟೆ ಟಿಇಟಿ ತರಗತಿ ನಡೆಸಲು ಅವರನ್ನು ಕೇಳಿಕೊಳ್ಳಬಹುದು. ಸಭಾಭವನದ ಬೀಗದ ಕೈ ಹೇಗೂ ವಿಗಾರರ ಬಳಿಯಲ್ಲೇ ಇರುತ್ತದೆ.