ಚಾಮರಾಜನಗರ ಗುಂಡ್ಲುಪೇಟೆ ಶಾಸನಗಳ ಸಂಪುಟಾಂತರ

ಬಿ. ಎಲ್. ರೈಸ್ ಮಹಾಶಯರು 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳೆರಡರ ಶಾಸನಗಳೂ ಒಟ್ಟಿಗಿದ್ದುವು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಗುಂಡ್ಲುಪೇಟೆಯವು ಮೂರನೆಯ ಸಂಪುಟಕ್ಕೂ (1974) ಚಾಮರಾಜನಗರದವು ನಾಲ್ಕನೆಯದಕ್ಕೂ (1975) ಸೇರಿದುವು. ಹೊಸದಾಗಿ ದೊರೆತ ಶಾಸನಗಳೂ ಕೂಡಿಕೊಂಡುದರಿಂದ ಕ್ರಮಸಂಖ್ಯೆಗಳು ವ್ಯತ್ಯಾಸಗೊಂಡುವು. ಕಲ್ಲು ಅದೇ ಆದರೂ ಅದರ ವಿಳಾಸವು ಬೇರೆಯಾಯಿತು. ಹಿಂದಣ ಗ್ರಂಥಗಳ ಅಡಿಟಿಪ್ಪಣಿಗಳಾದರೋ ಹಳೆಯ ಸಂಖ್ಯೆಯನ್ನೇ ಹಿಡಿದಿವೆ. ಅದನ್ನು ನಂಬಿ ಹೊಸ ಸಂಪುಟವನ್ನು ತೆರೆದ ವಿದ್ಯಾರ್ಥಿಗೆ ಬೇರೊಬ್ಬ ಅರಸನ ದಾನವು ಕಂಡೀತು.

ಇಂದಿನ ಗಣಕಶಾಸ್ತ್ರದಲ್ಲಿಯೂ ಇಂಥದೇ ತೊಡಕುಂಟು. ವರ್ಚುಯಲ್ ಮೆಷೀನೆಂಬುದು ಸ್ವಂತ ದೇಹವಿಲ್ಲದ ಯಂತ್ರ. ಹೈಪರ್‌ವೈಸರ್ ನಡೆಯುವ ಆಶ್ರಯಗಣಕದಲ್ಲಿ ಅದರ ಡಿಸ್ಕು ಸಾಮಾನ್ಯವಾಗಿ ಒಂದು ಕಡತವಷ್ಟೆ. ಆ ಕಡತವನ್ನು ಮತ್ತೊಂದು ಗಣಕಕ್ಕೆ ಸಾಗಿಸಿ, ಅದರ ಸ್ಥಾನವನ್ನು ಹೇಳುವ ವಿವರಪತ್ರವನ್ನು ತಿದ್ದದೆ ಬಿಟ್ಟರೆ, ಒಂದಕ್ಷರವೂ ಕೆಡದಿದ್ದರೂ ಯಂತ್ರವು ಏಳದು. ಹೊಸದು ಸರಿಯಾಗಿ ನಡೆಯುವುದನ್ನು ಕಾಣುವವರೆಗೆ ಹಳೆಯ ಪ್ರತಿಯನ್ನು ಬಲ್ಲವರು ಅಳಿಸುವುದಿಲ್ಲ. (ಪರಕಾಯಪ್ರವೇಶದ ಕಥೆಗಳಲ್ಲಿ ಶಿಷ್ಯರು ಗುರುವಿನ ದೇಹವನ್ನು ಕಾದುದು ಸುಮ್ಮನಲ್ಲ.)

ಆದುದರಿಂದ ಪರಿಷ್ಕೃತಾವೃತ್ತಿಯು ಬಂದಿತೆಂದು ರೈಸರ ಸಂಪುಟವನ್ನು ಗ್ರಂಥಭಂಡಾರದಿಂದ ತೆಗೆಯುವುದು ಯುಕ್ತವಲ್ಲ. 1997ರಲ್ಲಿ ಎರಡು ತಾಲ್ಲೂಕುಗಳೂ ಮೈಸೂರು ಜಿಲ್ಲೆಯನ್ನು ಬಿಟ್ಟು ಚಾಮರಾಜನಗರ ಜಿಲ್ಲೆಗೆ ಸೇರಿದುದರಿಂದ ಜಿಲ್ಲೆಯ ಹೆಸರೂ ಈಗ ಸಾಲದು. ಉಲ್ಲೇಖಿಸುವವರು ಆವೃತ್ತಿಯನ್ನೂ ಹಳೆಯ ಹೊಸ ಸಂಖ್ಯೆಗಳೆರಡನ್ನೂ ಗ್ರಾಮದ ಹೆಸರಿನೊಡನೆ ಕೊಡತಕ್ಕದ್ದು.