ಆಲ್ ಸೋಲ್ಸ್ ಚರ್ಚ್, ಬೋಲ್ಟನ್

ಆಲ್ ಸೋಲ್ಸ್ ಇಂಗ್ಲೆಂಡಿನ ಬೋಲ್ಟನ್ ಪಟ್ಟಣದಲ್ಲಿರುವ, ಸಮುದಾಯ ಕೇಂದ್ರವಾಗಿ ಪರಿವರ್ತನೆಗೊಂಡ ಆಂಗ್ಲಿಕನ್ ಚರ್ಚು.

ಇತಿಹಾಸ

ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಈ ಪಟ್ಟಣದಲ್ಲಿ, ಗಿರಣಿ ಮಾಲೀಕರ ಕುಟುಂಬವೊಂದರ ಹಣದಿಂದ 1880–81ರಲ್ಲಿ ಚರ್ಚನ್ನು ಕಟ್ಟಲಾಯಿತು. ಪೇಲಿ ಮತ್ತು ಆಸ್ಟಿನ್ ಇದರ ವಾಸ್ತುಶಿಲ್ಪಿಗಳು. ಉಪದೇಶಕರು ಎಲ್ಲರಿಗೂ ಕಾಣುವಂತೆ ವಿಶಾಲವಾದ ಸಭಾಂಗಣವನ್ನು ಕಂಬಗಳಿಲ್ಲದೆ ನಿರ್ಮಿಸಲಾಗಿದೆ. 1986ರಲ್ಲಿ ಆರಾಧನೆ ನಿಂತುಹೋಯಿತು. ಬಳಿಕ ಕಟ್ಟಡವು ಚರ್ಚಸ್ ಕನ್ಸರ್ವೇಶನ್ ಟ್ರಸ್ಟ್‌ನ ಸುಪರ್ದಿಗೆ ಬಂದಿತು.

ಮರುಬಳಕೆ

ಸುತ್ತಲಿನ ಬಡಾವಣೆಯಲ್ಲಿ ದಕ್ಷಿಣ ಏಷ್ಯಾ ಮೂಲದ ಮುಸ್ಲಿಮರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಪಾಳುಬಿದ್ದ ಚರ್ಚನ್ನು ಉಳಿಸಲು ಸ್ಥಳೀಯರೇ ಮುಂದಾದರು. ಹೆರಿಟೇಜ್ ಲಾಟರಿ ಫಂಡ್‌ನ ನೆರವಿನಿಂದ ನವೀಕರಣಗೊಂಡ ಕಟ್ಟಡ 2014ರಲ್ಲಿ ಎಲ್ಲ ಧರ್ಮದವರಿಗೂ ತೆರೆಯಿತು. ಹೊಸ ಕೊಠಡಿಗಳು ಹಳೆಯ ಗೋಡೆಗಳಿಗೆ ಭಾರ ಹೊರಿಸದೆ, ಸಭಾಂಗಣದೊಳಗೆ ಸ್ವತಂತ್ರವಾಗಿ ನಿಂತಿರುವ ಎರಡು ಘಟಕಗಳಲ್ಲಿವೆ. ಉಪದೇಶಕ್ಕಾಗಿ ಕಂಬಗಳಿಲ್ಲದೆ ಬಿಟ್ಟಿದ್ದ ಜಾಗವೇ ಈ ಮರುಬಳಕೆಗೆ ಅನುಕೂಲವಾಯಿತು.