ಅಜ್ಜಿಯ ಪೂಜೆ, ಐನೂರು ವರ್ಷದ ಜಗಳ

ಕೆಲವು ವರ್ಷಗಳ ಹಿಂದೆ ಸಹೋದ್ಯೋಗಿಯೊಬ್ಬನ ಅಜ್ಜಿ ತೀರಿಕೊಂಡಾಗ ಟೀಮಿನವರೆಲ್ಲ ಮಂಗಳೂರಿಗೆ ಹೋಗಿದ್ದೆವು. ಕ್ಯಾಥೊಲಿಕ್ ಚರ್ಚು. ಪರಮಪ್ರಸಾದಕ್ಕೆ ಎಲ್ಲರೂ ಸಾಲುಗಟ್ಟಿದರು, ನನ್ನ ಪಕ್ಕದಲ್ಲಿದ್ದ ಗೆಳೆಯ ಮಾತ್ರ ಏಳಲಿಲ್ಲ. ಅವನೂ ಕ್ರೈಸ್ತನೇ, ಪ್ರಾಟೆಸ್ಟೆಂಟ್. "ನೀನು ಹೋಗಲ್ವೇನೋ?" ಅಂದೆ. "ನಮಗೆ ಕೊಡಲ್ಲ ಮಾರಾಯಾ. ಸತ್ತವರ ಆತ್ಮಕ್ಕೆ ಅಂತ ನಮ್ಮಲ್ಲಿ ಪ್ರಾರ್ಥನೆಯೂ ಇಲ್ಲ" ಅಂದ. ಆ ಅಜ್ಜಿಯ ಕೈಯಡುಗೆ ತಿಂದು ಬೆಳೆದವನು ಅವನು. ಕಣ್ಣು ಮಾತ್ರ ಒದ್ದೆಯಾಗಿತ್ತು.

ಈ ಎರಡು 'ಇಲ್ಲ'ಗಳು ಎಲ್ಲಿಂದ ಬಂದವು ಅಂತ ಆಮೇಲೆ ಓದುತ್ತಾ ಹೋದೆ.

ಕಥೆ ಶುರುವಾಗುವುದು ಜರ್ಮನಿಯ ವಿಟೆನ್‌ಬರ್ಗ್‌ನಲ್ಲಿ. ಅಲ್ಲಿನ ಕೋಟೆ ಚರ್ಚಿನ ಹೆಸರೇ 'ಸರ್ವ ಸಂತರ ಚರ್ಚು'. ದೊರೆ ಫ್ರೆಡರಿಕ್ 1520ರ ಹೊತ್ತಿಗೆ ಅಲ್ಲಿ ಸಂತರ ಮೂಳೆ, ಬಟ್ಟೆ ಚೂರು ಮುಂತಾದ 19,000ಕ್ಕೂ ಹೆಚ್ಚು ಅವಶೇಷಗಳನ್ನು ಕೂಡಿಹಾಕಿದ್ದ! ಅವುಗಳ ದರ್ಶನ ಮಾಡಿ ಕಾಣಿಕೆ ಹಾಕಿದರೆ ಸತ್ತ ಮೇಲಿನ ಶುದ್ಧೀಕರಣದ ಶಿಕ್ಷೆ ಕಡಿಮೆಯಾಗುತ್ತದೆ ಎಂಬುದು ಲೆಕ್ಕ. ನವೆಂಬರ್ 1 ಸಂತರ ಹಬ್ಬ. ಅದರ ಹಿಂದಿನ ದಿನ, 1517ರ ಅಕ್ಟೋಬರ್ 31ರಂದು, ಮಾರ್ಟಿನ್ ಲೂಥರ್ ಕ್ಷಮಾಪತ್ರಗಳ ವಿರುದ್ಧ 95 ವಾದಗಳನ್ನು ಮುಂದಿಟ್ಟ.

ಮುಂದೆ ಲೂಥರನ ಕಡೆಯವರು 1530ರ ಆಗ್ಸ್‌ಬರ್ಗ್ ನಿವೇದನೆಯಲ್ಲಿ ಹೇಳಿದ್ದಿಷ್ಟು: ಸಂತರನ್ನು ನೆನೆಯಿರಿ, ಅವರ ನಂಬಿಕೆಯಿಂದ ಕಲಿಯಿರಿ, ಆದರೆ ಅವರ ಸಹಾಯ ಬೇಡಬೇಡಿ, ದೇವರಿಗೂ ಮನುಷ್ಯನಿಗೂ ನಡುವೆ ಕ್ರಿಸ್ತನೊಬ್ಬನೇ ಸಾಕು.

ಇನ್ನು ರೊಟ್ಟಿಯ ವಿಷಯ. ಪಾದ್ರಿ ಮಂತ್ರಿಸಿದ ಮೇಲೆ ರೊಟ್ಟಿಯ ರುಚಿ, ಬಣ್ಣ ಹಾಗೇ ಉಳಿದರೂ ಅದರ ತತ್ತ್ವವೇ ಕ್ರಿಸ್ತನ ದೇಹವಾಗುತ್ತದೆ ಎನ್ನುವುದು ಕ್ಯಾಥೊಲಿಕರ ನಂಬಿಕೆ. ಕ್ರಿಸ್ತನ ದೇಹ ನಿಜವಾಗಿ ಇದೆ, ಆದರೆ ರೊಟ್ಟಿಯೂ ರೊಟ್ಟಿಯಾಗಿಯೇ ಇರುತ್ತದೆ ಅಂದ ಲೂಥರ್. ಅದು ಬರೀ ಕುರುಹು ಅಂದವನು ಜ್ಯೂರಿಕ್‌ನ ಜ್ವಿಂಗ್ಲಿ. 1529ರಲ್ಲಿ ಮಾರ್ಬರ್ಗ್‌ನಲ್ಲಿ ಇವರಿಬ್ಬರೂ ಎದುರುಬದುರು ಕೂತರು. ಲೂಥರ್ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ "ಇದು ನನ್ನ ದೇಹ" ಅಂತ ಲ್ಯಾಟಿನ್‌ನಲ್ಲಿ ಬರೆದೇ ಮಾತಿಗಿಳಿದನಂತೆ. 15 ಅಂಶಗಳಲ್ಲಿ 14ಕ್ಕೆ ಒಪ್ಪಿಗೆಯಾಯಿತು. ಮುರಿದುಬಿದ್ದದ್ದು ಈ ಒಂದರಲ್ಲಿ!

ಈಗ ಮುಖ್ಯ ವಿಷಯಕ್ಕೆ ಬರೋಣ. ರೊಟ್ಟಿಯ ಜಗಳ, ಸತ್ತವರ ಜಗಳ ಬೇರೆಬೇರೆಯಲ್ಲ. ಕ್ಯಾಥೊಲಿಕರಿಗೆ ಬಲಿಪೂಜೆ ಬದುಕಿರುವವರಿಗೂ ಸತ್ತವರಿಗೂ ಸಲ್ಲುವ ಬಲಿ. ಅದು ಬಲಿಯಲ್ಲ ಎಂದ ಕೂಡಲೇ ಸತ್ತವರಿಗಾಗಿ ಪೂಜೆ ಮಾಡಿಸುವುದಕ್ಕೂ ಅರ್ಥ ಉಳಿಯಲಿಲ್ಲ. ಇಂಗ್ಲೆಂಡಿನಲ್ಲಿ 1547ರ ಕಾಯ್ದೆ ಇಂಥ ಪೂಜೆಗಳಿಗೆಂದೇ ಬಿಟ್ಟಿದ್ದ ದತ್ತಿಗಳನ್ನು ರದ್ದು ಮಾಡಿ ಆಸ್ತಿಯನ್ನು ರಾಜನ ಬೊಕ್ಕಸಕ್ಕೆ ಸೇರಿಸಿತು. ಅಪ್ಪ ಅಮ್ಮನ ಹೆಸರಲ್ಲಿ ಪೂಜೆಗೆ ದುಡ್ಡಿಟ್ಟಿದ್ದವರಿಗೆ ಹೇಗಾಗಿರಬೇಡ! ನಮ್ಮಲ್ಲಿ ಯಾರಾದರೂ "ನಾಳೆಯಿಂದ ಶ್ರಾದ್ಧ ಇಲ್ಲ" ಅಂದರೆ ಹೇಗಿರುತ್ತದೆ, ಯೋಚಿಸಿ.

ಆದರೆ ಇನ್ನೊಂದು ಮುಖವೂ ಇದೆ. ದುಡ್ಡಿಲ್ಲದ ಬಡವ ತನ್ನ ಸತ್ತ ಮಗುವಿಗೆ ಪೂಜೆ ಮಾಡಿಸಲಾರದೆ ಕೊರಗುತ್ತಿದ್ದರೆ, "ನೀನೇನೂ ಕಟ್ಟಬೇಕಿಲ್ಲ" ಎಂಬ ಮಾತು ಅವನಿಗೆ ಬಿಡುಗಡೆಯಾಗಿಯೂ ಕೇಳಿಸಿರಬೇಕು.

ಟ್ರೆಂಟ್ ಮಹಾಸಭೆ 1551ರಲ್ಲಿ ರೊಟ್ಟಿಯ ಬಗ್ಗೆ, 1563ರಲ್ಲಿ ಸಂತರ ಬಗ್ಗೆ ಕ್ಯಾಥೊಲಿಕ್ ನಿಲುವನ್ನು ಗಟ್ಟಿ ಮಾಡಿತು. ಕ್ಷಮಾಪತ್ರದ ದುಡ್ಡಿನ ದಂಧೆಯನ್ನೂ ಖಂಡಿಸಿತು ಅನ್ನಿ.

ಇದಕ್ಕೂ ಮಂಗಳೂರಿಗೂ ಏನು ಸಂಬಂಧ ಅಂತೀರಾ? ಮಾರ್ಬರ್ಗ್‌ನಲ್ಲಿ ಜ್ವಿಂಗ್ಲಿಯ ಪಕ್ಕ ಕೂತಿದ್ದವನು ಬಾಸೆಲ್ ನಗರದ ಇಕೊಲಾಂಪಾಡಿಯಸ್. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ನೂ ಅದೇ ಬಾಸೆಲ್ಲಿನದು. ಅದರಲ್ಲಿ ಲೂಥರನ ಕಡೆಯವರೂ ಜ್ವಿಂಗ್ಲಿಯ ಕಡೆಯವರೂ ಒಟ್ಟಿಗೇ ದುಡಿದರು. ನನ್ನ ಗೆಳೆಯನ ಮನೆತನ ಆ ಪರಂಪರೆಯದು. ಅಂದರೆ ಮಾರ್ಬರ್ಗ್‌ನಲ್ಲಿ ಆಗದ್ದು ಸ್ವಲ್ಪ ಮಟ್ಟಿಗೆ ನಮ್ಮ ಕರಾವಳಿಯಲ್ಲಿ ಆಯಿತು!

2016ರ ಅಕ್ಟೋಬರ್ 31ರಂದು ಸ್ವೀಡನ್ನಿನ ಲುಂಡ್‌ನಲ್ಲಿ ಪೋಪ್ ಫ್ರಾನ್ಸಿಸ್ ಮತ್ತು ಲೂಥರನ್ ಮುಖಂಡರು ಒಟ್ಟಿಗೆ ಪ್ರಾರ್ಥಿಸಿದರು. ಒಂದೇ ಮೇಜಿನಲ್ಲಿ ಪ್ರಸಾದ ಪಡೆಯಬೇಕೆಂಬ ಜನರ ಹಂಬಲವನ್ನು ಒಪ್ಪಿಕೊಂಡರು. ಮೇಜು ಮಾತ್ರ ಇನ್ನೂ ಒಂದಾಗಿಲ್ಲ.

ಅವತ್ತು ಪೂಜೆ ಮುಗಿದ ಮೇಲೆ ಗೆಳೆಯ ಸಮಾಧಿಯ ಹತ್ತಿರ ಹೋಗಿ ಒಂದು ಹಿಡಿ ಮಣ್ಣು ಹಾಕಿ ತುಂಬಾ ಹೊತ್ತು ನಿಂತಿದ್ದ. ಅದು ಪ್ರಾರ್ಥನೆಯೋ, ಬರೀ ನೆನಪೋ? ನಾನು ಕೇಳಲಿಲ್ಲ.